ಓದುಗರ ಪ್ರಶ್ನೆ: ಸಾಲ ನನ್ನ ಹೆಸರಲ್ಲಿ, ದುಡ್ಡು ಹೋಗಿದ್ದು ಗ್ಯಾರೇಜಿಗೆ

ಪ್ರಶ್ನೆ: ಅಕ್ಕಾ, ನಾನು ಮನೇಲೇ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಕೊಡ್ತೀನಿ. ಸಂಘದಲ್ಲಿ ಸಾಲ ತಗೊಂಡು ರೊಟ್ಟಿ ಮಷೀನ್ ತರೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ ನಮ್ಮನೆಯವರ ಗ್ಯಾರೇಜಿಗೆ ಕಂಪ್ರೆಸರ್ ಬೇಕಾಯ್ತು, ದುಡ್ಡು ಅಲ್ಲಿಗೇ ಹೋಯ್ತು. ಈಗ ಮೈದುನ ಹೇಳ್ತಾನೆ, ಹೆಂಗಸರಿಗೆ ಬಂಡವಾಳ ಕೊಟ್ರೂ ಲಾಭ ಬರಲ್ಲ ಅಂತ ರಿಸರ್ಚೇ ಆಗಿದೆಯಂತೆ. ನಿಜಾನಾ?
– ಓದುಗರು, ರಾಣೆಬೆನ್ನೂರು

ಉತ್ತರ: ಮೈದುನ ಹೇಳಿದ್ದು ಅರ್ಧ ಮಾತ್ರ. 2005ರಲ್ಲಿ ಡಿ ಮೆಲ್, ಮೆಕೆಂಜಿ, ವುಡ್ರಫ್ ಅನ್ನೋ ಅರ್ಥಶಾಸ್ತ್ರಜ್ಞರು ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರ ಮಾಡೋರನ್ನ ಲಾಟರಿ ಎತ್ತಿ ಆರಿಸಿ, ಅಲ್ಲಿನ 10,000 ಇಲ್ಲಾ 20,000 ರೂಪಾಯಿ ಬಂಡವಾಳ ಕೊಟ್ರು, ವಾಪಸ್ ಕೊಡಬೇಕಾಗಿರಲಿಲ್ಲ. ಗಂಡಸರ ಲಾಭ ಚೆನ್ನಾಗಿ ಏರ್ತು, ಹೆಂಗಸರದ್ದು ಏರಲೇ ಇಲ್ಲ. ಇಷ್ಟನ್ನೇ ಹಿಡ್ಕೊಂಡು ಜನ ಮಾತಾಡ್ತಾರೆ.

2019ರಲ್ಲಿ ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಅನ್ನೋ ಅರ್ಥಶಾಸ್ತ್ರಜ್ಞರು ಮತ್ತೆ ಅವರ ಜೊತೆಯವರು ಶ್ರೀಲಂಕಾ, ಘಾನಾ, ನಮ್ಮ ಭಾರತ ಮೂರೂ ಕಡೆ ನಡೆದ ಇಂಥ ಪರೀಕ್ಷೆಗಳ ಲೆಕ್ಕಾನ ತಿರುಗಿ ಕೂತು ನೋಡಿದ್ರು. ಮನೇಲಿ ಹೆಂಗಸಿನದ್ದೊಂದೇ ವ್ಯಾಪಾರ ಇದ್ದ ಕಡೆ ಗಂಡಸು ಹೆಂಗಸು ಅನ್ನೋ ವ್ಯತ್ಯಾಸಾನೇ ಸಿಗಲಿಲ್ಲ. ಗಂಡನಿಗೂ ಒಂದು ವ್ಯಾಪಾರ ಇದ್ರೆ ಹೆಂಡತಿ ಹೆಸರಿಗೆ ಬಂದ ದುಡ್ಡು ಹೆಚ್ಚಾಗಿ ಅಲ್ಲಿಗೆ ಹೋಗಿತ್ತು! ಲಾಭ ಬಂದಿತ್ತು, ಆದ್ರೆ ಲೆಕ್ಕ ಬರೆದಿದ್ದು ಗಂಡನ ಖಾತೇಲಿ. ನಿಮ್ಮ ಮನೆ ಕಂಪ್ರೆಸರ್ ಕಥೆ ಇದೇ ಅಲ್ವಾ? ನಿಮ್ಮ ಕೈಗುಣದ ಬಗ್ಗೆ ಯಾರಾದ್ರೂ ಮಾತಾಡಿದ್ರೆ ನಂಗೆ ಸಿಟ್ಟು ಬರೋದು ಅದಕ್ಕೇ.

ಮನೆಯವರ ಜೊತೆ ಜಗಳ ಬೇಡ, ಕಂಪ್ರೆಸರ್‌ನಿಂದ ಮನೆಗೂ ನಾಲ್ಕು ಕಾಸು ಬಂದಿರುತ್ತೆ. ಆದ್ರೆ ಅದು ನೀವು ಗ್ಯಾರೇಜಿಗೆ ಕೊಟ್ಟ ಸಾಲ ಅಂತ ಪುಸ್ತಕದಲ್ಲಿ ಬರೆದಿಡಿ, ಕಂತು ಗ್ಯಾರೇಜಿಂದಾನೇ ಕಟ್ಟಲಿ. ಮುಂದಿನ ಸಾಲ ನಗದಾಗಿ ತಗೋಬೇಡಿ, ನಿಮ್ಮೊಬ್ಬರದೇ ಅಕೌಂಟಿಗೆ ಹಾಕಿಸ್ಕೊಂಡು ಅಲ್ಲಿಂದ ನೇರ ಮಷೀನ್ ಅಂಗಡಿಗೆ ಕಳಿಸಿ. ಉಗಾಂಡಾದಲ್ಲಿ ಎಮ್ಮಾ ರೈಲಿ ಅನ್ನೋರು ಇದನ್ನೇ ಪರೀಕ್ಷೆ ಮಾಡಿದ್ರು, ಸಾಲ ಕೈಗೆ ಕೊಡದೆ ಸಾಲ ತಗೊಂಡ ಹೆಣ್ಣುಮಕ್ಕಳದೇ ಮೊಬೈಲ್ ಹಣದ ಖಾತೆಗೆ ಹಾಕಿದಾಗ 8 ತಿಂಗಳಲ್ಲಿ ನಗದು ತಗೊಂಡೋರಿಗಿಂತ ಲಾಭ ಶೇ 15ರಷ್ಟು ಜಾಸ್ತಿ ಇತ್ತು.

ಇನ್ನೊಂದು, ಬ್ಯಾಂಕಿಗೋ ತರಬೇತಿಗೋ ಹೋಗುವಾಗ ಗೆಳತೀನ ಕರ್ಕೊಂಡು ಹೋಗಿ. ಅಹಮದಾಬಾದಿನ ಸೇವಾ ಅನ್ನೋ ಹೆಣ್ಣುಮಕ್ಕಳ ಸಹಕಾರಿ ಬ್ಯಾಂಕ್ 2 ದಿನದ ತರಬೇತಿ ಕೊಟ್ಟಾಗ, ಗೆಳತಿ ಜೊತೆ ಬಂದೋರೇ ಆಮೇಲೆ ವ್ಯಾಪಾರಕ್ಕೆ ಸಾಲ ತಗೊಂಡು ಮುಂದೆ ಬಂದಿದ್ದು, ಒಬ್ಬೊಬ್ಬರೇ ಬಂದೋರಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೇಲರ್. ವಾರ ವಾರ ಕಂಪನಿಯವರು ಮಾತಾಡೋದು ಹೇಗೆ, ಟೈಮ್ ಹೊಂದಿಸ್ಕೊಳ್ಳೋದು ಹೇಗೆ ಅಂತ ಕ್ಲಾಸ್ ಇಟ್ಟಿದ್ದಾರೆ. ಇದ್ರಿಂದ ನಮಗೇನು?
– ಓದುಗರು, ಮದ್ದೂರು

ಉತ್ತರ: ಹೋಗಿ, ಬಿಡಬೇಡಿ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಫ್ಯಾಕ್ಟರಿಗಳಲ್ಲಿ ಇಂಥದ್ದೇ ಸುಮಾರು 80 ಗಂಟೆಯ ತರಬೇತಿಯನ್ನ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತೆ ಜೊತೆಗಾರರು ಅಧ್ಯಯನ ಮಾಡಿದ್ದಾರೆ. ಕಲಿತೋರ ಕೆಲಸ ಚುರುಕಾಯ್ತು, ಅದೇ ಲೈನಲ್ಲಿ ಪಕ್ಕದಲ್ಲಿ ಕೂತೋರದ್ದೂ ಸುಧಾರಿಸ್ತು, ಕಂಪನಿ ಹಾಕಿದ ಖರ್ಚಿನ ಮೇಲೆ ಶೇ 200ಕ್ಕೂ ಮೀರಿ ಲಾಭ ಆಯ್ತು. ಆದ್ರೆ ಕಲಿತೋರ ಸಂಬಳ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು, ಇದು ನಂಗೆ ತುಂಬಾ ಬೇಜಾರಿನ ವಿಷಯ. ಹಾಗಾಗಿ ಕ್ಲಾಸ್ ಡ್ಯೂಟಿ ಟೈಮಲ್ಲೇ ಇರಬೇಕು, ಆ ಹೊತ್ತಿನ ಟಾರ್ಗೆಟ್ ಕಮ್ಮಿ ಮಾಡಬೇಕು ಅಂತ ಲೈನಿನೋರೆಲ್ಲ ಒಟ್ಟಿಗೆ ಕೇಳಿ. ಮುಗಿದ ಮೇಲೆ ಸರ್ಟಿಫಿಕೇಟ್ ಇಸ್ಕೊಂಡು ಗ್ರೇಡ್ ಬದಲಾಯಿಸೋಕೆ ಬರವಣಿಗೇಲಿ ಅರ್ಜಿ ಕೊಡಿ, ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ಳಿ.