ಪೀಕ್ (ಸದ್ದು ಕ್ಷಣಮಾತ್ರ ಏರುವ ತುದಿ) ಡಿಜಿಟಲ್ ರೆಕಾರ್ಡಿಂಗಿನ ಮೇಲ್ಮಿತಿಯಾದ 0 ಡಿಬಿ ಮುಟ್ಟಿದರೂ ಮನೆಯಲ್ಲಿ ರೆಕಾರ್ಡ್ ಮಾಡಿದ ಹಾಡು ಬಿಡುಗಡೆಯಾದ ಹಾಡುಗಳಷ್ಟು ಜೋರಾಗಿ ಕೇಳಿಸುವುದಿಲ್ಲ, ಏಕೆ? (ತಬಲಾ ಜೊತೆ ಭಾವಗೀತೆ, ಚಿಕ್ಕಮಗಳೂರು)

ಕಿವಿಗೆ ಜೋರು ಎನಿಸುವುದು ಪೀಕ್ ಅಲ್ಲ, ಸರಾಸರಿ ಮಟ್ಟ. ತಬಲಾದ ಒಂದೊಂದು ಪೆಟ್ಟು 0 ಡಿಬಿವರೆಗಿನ ಜಾಗವನ್ನೆಲ್ಲ ತಿಂದುಬಿಡುತ್ತದೆ, ದನಿ ಕೆಳಗೇ ಉಳಿಯುತ್ತದೆ.

ಮೊದಲು ದನಿಯ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್ ಹಾಕಿ ತೆಗೆಯಿರಿ. ದನಿಗೂ ತಬಲಾಕ್ಕೂ ಬೇರೆಬೇರೆ ಕಂಪ್ರೆಸರ್ (ಜೋರಿನ ಭಾಗವನ್ನು ತಗ್ಗಿಸುವ ಸಾಧನ) ಇರಲಿ: ರೇಶಿಯೋ, ಅಂದರೆ ತಗ್ಗಿಸುವ ಪ್ರಮಾಣ, 3:1, ಜೋರಿನ ಕಡೆ 3–4 ಡಿಬಿ ಇಳಿದರೆ ಸಾಕು. ಕೊನೆಗೆ ಮಾಸ್ಟರಿನಲ್ಲಿ, ಅಂದರೆ ಎಲ್ಲ ಟ್ರ್ಯಾಕ್ ಸೇರುವಲ್ಲಿ, ಲಿಮಿಟರ್ (ಸದ್ದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ ಅದರ ಗೇನ್‌ನಿಂದ ಒಟ್ಟು ಮಟ್ಟ ಏರಿಸಿ; ಸೀಲಿಂಗ್, ಅಂದರೆ ಆ ಮಿತಿ, −1 ಡಿಬಿ ಟ್ರೂ ಪೀಕ್ (ಪ್ಲೇ ಆಗುವಾಗಿನ ನಿಜವಾದ ಪೀಕ್). ತಬಲಾದ ಪೆಟ್ಟು ಮಂಕಾಯಿತೋ, ಲಿಮಿಟರಿನ ಗೇನ್ 2 ಡಿಬಿ ಇಳಿಸಿ.

ಹೀಗೆ ಮಟ್ಟ ಏರಿಸಿದಾಗ ಸಣ್ಣ ಸದ್ದೂ ಮೇಲೇಳುತ್ತದೆ, ಹೆಂಚಿನ ಮೇಲೆ ಬೀಳುವ ಮಳೆ ಕೂಡ. ನಮ್ಮ ಮಲೆನಾಡಿನಲ್ಲಿ ಇದೇ ದೊಡ್ಡ ತೊಡಕು. ದಯವಿಟ್ಟು ಮಳೆ ಹೊಳವಾದಾಗಲೇ ಹಾಡಿಸಿ.

ಯೂಟ್ಯೂಬ್ ಸುಮಾರು −14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಜೋರಿದ್ದನ್ನು ತಾನೇ ಇಳಿಸುವುದರಿಂದ, ಭಾವಗೀತೆಗೆ ಅಷ್ಟು ಬಂದರೆ ಸಾಕು.