ಕೊನೆ ಗೊತ್ತಾದರೆ ಕಥೆ ಕೆಡುತ್ತದೆಯೇ?

ತಿಪಟೂರಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಹೋದ ತಿಂಗಳು ‘ಶರಪಂಜರ’ದ ಬಗ್ಗೆ ಬರೆಯುತ್ತಾ ನಾವು ಅದರ ಕೊನೆಯನ್ನೂ ಹೇಳಿಬಿಟ್ಟೆವು. ಅವರ ಮಗಳು ಅದೇ ವಾರ ಆ ಸಿನಿಮಾ ನೋಡಬೇಕು ಅಂತಿದ್ದಳಂತೆ. “ಕೊನೆ ಗೊತ್ತಾದ ಮೇಲೆ ಕೂತು ನೋಡೋದಕ್ಕೆ ಏನು ಉಳಿಯಿತು? ಸ್ಪಾಯ್ಲರ್ ಇದೆ ಅಂತ ಮೇಲೆ ಒಂದು ಸಾಲು ಹಾಕೋಕೆ ಆಗಲ್ವಾ?” ಅಂತ ಕೇಳಿದ್ದಾರೆ.

ಮೇಡಂ, ಮಗಳ ವಿಷಯಕ್ಕೆ ಕ್ಷಮೆ ಇರಲಿ. ಒಂದು ಸಾಲು ಹಾಕಬಹುದಿತ್ತು, ಇನ್ನು ಮುಂದೆ ಹಾಕುತ್ತೇವೆ. ಆದರೆ “ಏನು ಉಳಿಯಿತು” ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಮ್ಮಜ್ಜ ತಾಳಮದ್ದಳೆಯ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದ ಹುಚ್ಚಿನವರು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ (ಪಾತ್ರದ ಮಾತು) ಹೇಳುತ್ತಾರೆ ಅಂದರೆ ಎಷ್ಟು ದೂರವಾದರೂ ಹೋಗುತ್ತಿದ್ದರು. ವಾಲಿ ಸಾಯುತ್ತಾನೆ, ಮರೆಯಲ್ಲಿ ನಿಂತ ರಾಮನ ಬಾಣದಿಂದಲೇ ಸಾಯುತ್ತಾನೆ ಅನ್ನುವುದು ಅಲ್ಲಿ ಕೂತ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಬಿದ್ದ ವಾಲಿ ರಾಮನನ್ನು ಈ ಸಲ ಏನು ಕೇಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆ ಅಂತ ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಮನೆಗೆ ಬಂದ ಮೇಲೆ ಅಜ್ಜ ಎರಡು ದಿನ ಅದೇ ಮಾತಾಡುತ್ತಿದ್ದರು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಗ್ಗೆ ಬೀದಿಗಳು ಖಾಲಿಯಾದವಲ್ಲ, ಸೀತೆ ಸಿಗುತ್ತಾಳೋ ಇಲ್ಲವೋ ಅನ್ನುವ ಅನುಮಾನ ಯಾರಿಗಿತ್ತು?

‘ಶರಪಂಜರ’ವನ್ನೇ ತಗೊಳ್ಳಿ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ತೆರೆಗೆ ತರುವ ಮೊದಲೇ ತ್ರಿವೇಣಿಯವರ ಕಾದಂಬರಿ ಮನೆಮನೆಯಲ್ಲಿ ಕೈಯಿಂದ ಕೈಗೆ ಓಡಾಡಿತ್ತು. ಕಥಾನಾಯಕಿ ಕಾವೇರಿಗೆ ಕೊನೆಗೆ ಏನಾಗುತ್ತದೆ ಅಂತ ಗೊತ್ತಿದ್ದ ಹೆಂಗಸರೇ ಟಿಕೆಟ್ ತೆಗೆದುಕೊಂಡು ಹೋಗಿ ಅತ್ತು ಬಂದರು. ಕೊನೆ ಗೊತ್ತಿಲ್ಲದವರು “ಕಾವೇರಿ ಸರಿಹೋಗ್ತಾಳಾ?” ಅಂತ ಕಾಯುತ್ತಾರೆ. ಗೊತ್ತಿರುವವರು ಕಾವೇರಿಯ ಸುತ್ತ ಇರುವವರನ್ನು ನೋಡುತ್ತಾರೆ. ಅವಳು ಮನಸ್ಸಿನ ಕಾಯಿಲೆಯಿಂದ ಗುಣವಾಗಿಯೇ ಮನೆಗೆ ಬಂದಿದ್ದಾಳೆ. ಆದರೂ ಅವಳ ಪ್ರತಿ ಮಾತಿನಲ್ಲೂ ಜನ ಹಳೆಯ ಹುಚ್ಚನ್ನೇ ಹುಡುಕುತ್ತಾರೆ. ಗಂಡ ಎಲ್ಲಿ ಮುಖ ತಿರುಗಿಸಿದ, ಯಾರ ಯಾವ ನೋಟ ಅವಳನ್ನು ಆಸ್ಪತ್ರೆಯ ಕಡೆಗೆ ಇನ್ನೊಂದು ಹೆಜ್ಜೆ ತಳ್ಳಿತು ಅನ್ನುವುದು ಆಗ ಕಾಣತೊಡಗುತ್ತದೆ. ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಕಣ್ಣುಗಳು ಆ ನೋಟಗಳನ್ನು ಒಂದೊಂದಾಗಿ ಎಣಿಸುತ್ತಿವೆ ಅನ್ನುವುದು ನನಗೆ ಹೊಳೆದದ್ದು ಮೂರನೇ ಸಲ ನೋಡಿದಾಗ. ಈಗ ಹೇಳಿ, ನಿಮ್ಮ ಮಗಳಿಗೆ ನೋಡಲು ಏನೂ ಉಳಿದಿಲ್ಲವೇ?

ಥ್ರಿಲ್ಲರ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ತ್ರೂಫೋಗೆ ಒಂದು ಮೇಜಿನ ಉದಾಹರಣೆ ಕೊಟ್ಟು ವಿವರಿಸಿದ್ದರು. ಇಬ್ಬರು ಸುಮ್ನೆ ಮಾತಾಡುತ್ತಾ ಕೂತಿದ್ದಾರೆ, ಮೇಜಿನ ಕೆಳಗಿನ ಬಾಂಬ್ ದಿಢೀರನೆ ಸಿಡಿಯುತ್ತದೆ. ನೋಡುವವನು ಬೆಚ್ಚಿಬೀಳುವುದು 15 ಸೆಕೆಂಡು. ಬಾಂಬ್ ಇದೆ ಅಂತ ಮೊದಲೇ ತೋರಿಸಿಬಿಟ್ಟರೆ, ಅದೇ ಹರಟೆಯನ್ನು ಅವನು 15 ನಿಮಿಷ ಉಸಿರು ಹಿಡಿದು ಕೇಳುತ್ತಾನೆ. 2014ರ ಕನ್ನಡ ಸಿನಿಮಾ ‘ದೃಶ್ಯ’ ನಿಂತಿರುವುದು ಇದರ ಮೇಲೆಯೇ. ಕೊಲೆ ಹೇಗಾಯಿತು ಅಂತ ನಮ್ಮ ಕಣ್ಣೆದುರೇ ತೋರಿಸುತ್ತಾರೆ, ಆಮೇಲೆ ನಾವೂ ಆ ಮನೆಯವರ ಜೊತೆ ಸೇರಿ ಪೊಲೀಸರಿಗೆ ಹೆದರುತ್ತೇವೆ. ಕೊನೆಗೆ ಒಂದು ಗುಟ್ಟು ಇದೆ ನಿಜ, ಅದನ್ನು ನಾನಿಲ್ಲಿ ಹೇಳುವುದಿಲ್ಲ. ಅಂಥ ಗುಟ್ಟು ಕಾಪಾಡಬೇಕು ಅನ್ನುವ ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಮಲಯಾಳಂ ಮೂಲವನ್ನು ಆಗಲೇ ನೋಡಿ, ಆ ಗುಟ್ಟು ಗೊತ್ತಿದ್ದೂ ರವಿಚಂದ್ರನ್ ಅವರನ್ನು ನೋಡಲು ಹೋದವರಲ್ಲಿ ನಾನೂ ಒಬ್ಬ. ಭಯ ಚೂರೂ ಕಡಿಮೆಯಾಗಲಿಲ್ಲ.

ನನಗೆ ಜಾಸ್ತಿ ಬೇಸರವಾಗುವುದು ಬೇರೆ ಕಡೆ. ಸ್ಪಾಯ್ಲರ್ ಭಯದಿಂದ ನಮ್ಮ ವಿಮರ್ಶೆ ಬಾಯಿ ಕಟ್ಟಿಕೊಂಡು ಕೂತಿದೆ. ಕಥೆ ಹೇಳಬಾರದು, ತಿರುವು ಮುಟ್ಟಬಾರದು, ಕೊನೆಯಂತೂ ಕೂಡದೇ ಕೂಡದು. ಮತ್ತೆ ಬರೆಯುವುದೇನು? “ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್, ಕ್ಯಾಮೆರಾ ಚೆನ್ನಾಗಿದೆ, ಮೂರು ಸ್ಟಾರ್.” ಒಂದು ಕಥೆ ಯಾಕೆ ನಿಂತಿತು, ಎಲ್ಲಿ ಕುಸಿಯಿತು ಅಂತ ಹೇಳಬೇಕಾದರೆ ಕೊನೆಯನ್ನು ಮುಟ್ಟಲೇಬೇಕು ಅಲ್ವಾ? ಚಿತ್ರಕಥೆ ಬರೆಯಲು ಹೊರಟ ಹುಡುಗರು ಕನ್ನಡದಲ್ಲಿ ಅಂಥ ಬರಹ ಸಿಗದೆ ಇಂಗ್ಲಿಷಿನ ಕಡೆ ಓಡುತ್ತಿದ್ದಾರೆ. ಇತ್ತ ಧಾರಾವಾಹಿಗಳಲ್ಲಿ ಬಾಗಿಲು ತೆರೆಯುತ್ತದೆ, ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಮೂರು ಸಲ ನುಗ್ಗುತ್ತದೆ, ಗುಡುಗಿನ ಸದ್ದು, ಅಲ್ಲಿಗೆ ಆ ದಿನದ ಕಂತು ಮುಗಿಯಿತು. ಬಾಗಿಲಲ್ಲಿ ಯಾರು ಅನ್ನುವುದು ಮರುದಿನ ಗೊತ್ತಾಗುತ್ತದೆ. ಅವರು ಯಾಕೆ ಬಂದರು, ಬಂದದ್ದರಿಂದ ಮನೆಯಲ್ಲಿ ಯಾರ ಮನಸ್ಸು ಬದಲಾಯಿತು ಅನ್ನುವುದನ್ನು ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ದಯವಿಟ್ಟು ಮಗಳಿಗೆ ಸಿನಿಮಾ ತೋರಿಸಿ, ನೀವೂ ಪಕ್ಕದಲ್ಲಿ ಕೂರಿ. ಯಾವ ದೃಶ್ಯದಲ್ಲಿ ಆ ಮನೆಯವರು ಕಾವೇರಿಯ ಕೈಬಿಟ್ಟರು ಅಂತ ಅವಳಿಗೆ ಅನ್ನಿಸಿತೋ, ಅದನ್ನು ಅವಳೇ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಮೇಲೆ ನೀವು ಕೇಳಿದ ಆ ಒಂದು ಸಾಲಿನ ಸಮೇತ.

– ಸಂಪಾದಕ