ಎಷ್ಟು ಓದಿದರೂ ಪರೀಕ್ಷೆಯಲ್ಲಿ ಖಾಲಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುವ ಹುಡುಗಿ. ಮನೆ ಮುಲ್ಕಿ ಕಡೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಂದು ಇನ್ನೊಂದು ಬಸ್ ಹಿಡಿಯಬೇಕು. "ಮೇಡಂ, ನನಗೆ ಏಕಾಗ್ರತೆಯೇ ಇಲ್ಲ. ರಾತ್ರಿ ಎರಡು ಗಂಟೆವರೆಗೆ ಓದ್ತೇನೆ. ಇಂಟರ್ನಲ್ಸಲ್ಲಿ ಪೇಪರ್ ನೋಡಿದ ಕೂಡಲೇ ಎಲ್ಲ ಖಾಲಿ" ಎಂದಳು. ಡಿಗ್ರಿಯಲ್ಲಿ ಡಿಸ್ಟಿಂಕ್ಷನ್ ಪಡೆದವಳು.

ನೋಟ್ಸ್ ನೋಡಿದೆ. ಪುಟದ ತುಂಬ ಹಳದಿ, ಗುಲಾಬಿ ಹೈಲೈಟರ್. ಬಣ್ಣ ಹಾಕದ ಸಾಲನ್ನೇ ಹುಡುಕಬೇಕು! ಅದನ್ನು ಮುಚ್ಚಿಸಿ ಕೇಳಿದೆ: ಸರಕಾರ ಖರ್ಚು ಜಾಸ್ತಿ ಮಾಡಿದರೆ ಬಡ್ಡಿದರ ಏನಾಗುತ್ತದೆ?

"ಏರ್ತದೆ."

ಯಾಕೆ? ಮಾತಿಲ್ಲ. ಉತ್ತರ ಅವಳ ನೋಟ್ಸಿನಲ್ಲೇ ಇತ್ತು. ಖರ್ಚಿನಿಂದ ಆದಾಯ ಏರುತ್ತದೆ, ವ್ಯವಹಾರಕ್ಕೆ ಜನರಿಗೆ ಹೆಚ್ಚು ಹಣ ಬೇಕಾಗುತ್ತದೆ, ಹಣದ ಪೂರೈಕೆ ಮಾತ್ರ ಅಷ್ಟೇ ಇರುತ್ತದೆ, ಹಾಗಾಗಿ ಬಡ್ಡಿ ಏರುತ್ತದೆ. ಎಷ್ಟೋ ಸಲ ಓದಿದ್ದಳು. ಒಮ್ಮೆಯೂ ನೋಡದೆ ಹೇಳಿ ನೋಡಿರಲಿಲ್ಲ.

ಇದು ಏಕಾಗ್ರತೆಯ ಸಮಸ್ಯೆ ಅಲ್ಲ ಎಂದೆ. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಯವಾಗುತ್ತವೆ, ನಮಗೆ ಬರುತ್ತದೆ ಅಂತ ಅನಿಸಿಬಿಡುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷದ ಬಳಿಕ ಕೇಳಿದಾಗ, ನಾಲ್ಕು ಅವಧಿಯೂ ಬರೀ ಓದಿದವರೇ ಮುಂದಿದ್ದರು. ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಶೇ. 40ರಷ್ಟು. ಒಂದು ಅವಧಿ ಓದಿ, ಮೂರು ಅವಧಿ ನೆನಪಿನಿಂದ ಬರೆದವರಿಗೆ ಶೇ. 61. ಡಿಗ್ರಿಯಲ್ಲಿ ಇವಳು ರಾತ್ರಿ ಓದಿ ಬೆಳಿಗ್ಗೆ ಬರೆಯುತ್ತಿದ್ದಳು, ಅದು ನಡೆಯಿತು. ಪಿಜಿಯಲ್ಲಿ 'ಯಾಕೆ' ಅಂತ ಕೇಳುತ್ತಾರಲ್ವಾ!

ಟೈಮ್‌ಟೇಬಲ್ ಮಾಡಿಕೊಡಲಿಲ್ಲ. ಅದಕ್ಕೆ ಬಣ್ಣ ಹಾಕುವುದರಲ್ಲೇ ಒಂದು ದಿನ ಕಳೆಯುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಹೇಳಿದ್ದು ಇಷ್ಟು: ಒಂದು ಭಾಗ ಓದಿ ಮುಚ್ಚಿಡು. ಮೊದಲು ತಂಗಿಗೆ ತುಳುವಿನಲ್ಲಿ ವಿವರಿಸು.

"ತುಳುವಲ್ಲಾ!" ಅಂತ ನಕ್ಕಳು.

ಹೌದು, ತುಳುವಲ್ಲೇ. ಬಾಯಿಪಾಠದ ಇಂಗ್ಲಿಷ್ ಸಾಲು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅರ್ಥವಾಗಿದ್ದರೆ ಮಾತ್ರ ಹೇಳಲು ಬರುತ್ತದೆ. ಆಮೇಲೆ ಪರೀಕ್ಷೆಯ ಭಾಷೆಯಲ್ಲಿ ಖಾಲಿ ಹಾಳೆಗೆ ಬರೆ. ತಪ್ಪಿದ್ದನ್ನಷ್ಟೇ ನೋಟ್ಸಿನಲ್ಲಿ ನೋಡು. ಎರಡು ದಿನ ಬಿಟ್ಟು ಮತ್ತೊಮ್ಮೆ ಬರೆ. ಬಸ್ಸಿನಲ್ಲಿ ಪಿಡಿಎಫ್ ತೆರೆಯಬೇಡ, ಹಿಂದಿನ ದಿನದ ಕ್ಲಾಸನ್ನು ಸುಮ್ನೆ ನೆನಪಿಸಿಕೋ. ಹನ್ನೊಂದಕ್ಕೆ ಮಲಗು. ಕೊನೆಯದಕ್ಕೆ ಅವಳು ಪೂರ್ತಿ ಒಪ್ಪಲಿಲ್ಲ, ಹನ್ನೆರಡಕ್ಕೆ ರಾಜಿಯಾಯಿತು.

ಮುಂದಿನ ಇಂಟರ್ನಲ್ಸಲ್ಲಿ ಅಂಕ ಏರಿದ್ದು ಸ್ವಲ್ಪವೇ. ಆದರೆ ಯಾವ ಭಾಗ ಬರುವುದಿಲ್ಲ ಎಂದು ಈಗ ಅವಳೇ ಹೇಳುತ್ತಾಳೆ. ನೆಟ್ (ಕಾಲೇಜು ಉಪನ್ಯಾಸಕರಾಗಲು ಇರುವ ಅರ್ಹತಾ ಪರೀಕ್ಷೆ) ಬರೆಯುವ ಆಸೆಯೂ ಇದೆಯಂತೆ. ಮುಂದಿನ ಭೇಟಿಗೆ ಅದರ ಹಳೆ ಪ್ರಶ್ನೆಪತ್ರಿಕೆ ತರಲು ಹೇಳಿದ್ದೇನೆ.